ಬಚ್ಚಲಿಗೂ ಒಂದು ಹಬ್ಬ: ನೀರು ತುಂಬುವ ಸಂಜೆಯ ಇತಿಹಾಸ

"ಅತ್ತೆ, ಈ ಐದಡಿ ಬಚ್ಚಲಲ್ಲಿ ರಂಗೋಲಿ ಎಲ್ಲಿ ಬಿಡೋದು? ನಿಂತ್ಕೊಳ್ಳೋಕೇ ಜಾಗ ಇಲ್ಲ!"

2025ರ ಅಕ್ಟೋಬರ್ 19ರ ಸಂಜೆ, ಅಂದರೆ ನರಕ ಚತುರ್ದಶಿಯ ಮುನ್ನಾದಿನ, ತಲಘಟ್ಟಪುರದ ನಮ್ಮ ಮನೆಯಲ್ಲಿ ನನ್ನ ಸೊಸೆ ಕೇಳಿದ ಪ್ರಶ್ನೆಯಿದು. ಪ್ರಶ್ನೆ ನ್ಯಾಯವಾದುದೇ. ಒಂದು ಮೂಲೆಗೆ ಕಮೋಡು, ಗೋಡೆಯ ಮೇಲೆ ಗೀಸರು, ಕೆಳಗೆ ಬಕೆಟ್ಟು. ಇಷ್ಟಾದ ಮೇಲೆ ಅಲ್ಲಿ ಉಳಿಯುವುದು ಒಬ್ಬರು ನಿಲ್ಲುವಷ್ಟು ನೆಲ. ದೇವರ ಮನೆಯನ್ನೋ ಹೊಸ್ತಿಲನ್ನೋ ಸಿಂಗರಿಸುವುದು ಸರಿ, ಬಚ್ಚಲಿಗೇಕೆ ಸಿಂಗಾರ? ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಬೋಧಿಸಿದ ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದುದನ್ನು ಓದುಗ ಮಿತ್ರರೊಡನೆ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ದೀಪಾವಳಿಯು ನಮ್ಮ ನಾಡಿನಲ್ಲಿ ನೀರಿನಿಂದ ಮೊದಲಾಗುತ್ತದೆ. ಆಶ್ವಯುಜ ಬಹುಳ ತ್ರಯೋದಶಿಯಂದು, ನರಕ ಚತುರ್ದಶಿಯ ಹಿಂದಿನ ಸಂಜೆ, ಆಚರಿಸುವುದು ನೀರು ತುಂಬುವ ಹಬ್ಬ. ಬಚ್ಚಲನ್ನು ತಿಕ್ಕಿ ತೊಳೆದು, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಹೊಸ ನೀರು ತುಂಬಿ ಗಂಗೆಯ ಪೂಜೆ ಮಾಡುತ್ತಾರೆ. ಕರಾವಳಿ ಮಲೆನಾಡುಗಳಲ್ಲಿ ಹೂವಿನ ಜೊತೆಗೆ ಕಾಡುಬಳ್ಳಿಗಳನ್ನೂ ಹಂಡೆಗೆ ಸುತ್ತುವುದುಂಟು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ನರಕಾಸುರನನ್ನು ಕೊಂದು ಬಂದ ಶ್ರೀಕೃಷ್ಣ ಮಿಂದು ಶುಚಿಯಾದುದರ ನೆನಪು ಅದು. ಆ ದಿನ ಎಣ್ಣೆಯಲ್ಲಿ ಲಕ್ಷ್ಮಿಯೂ ನೀರಿನಲ್ಲಿ ಗಂಗೆಯೂ ನೆಲೆಸಿರುತ್ತಾರೆಂಬ ನಂಬಿಕೆ ಹಿರಿಯರದು.

ಶರದೃತುವಿನಲ್ಲೇ ನೀರಿಗೆ ಈ ಗೌರವ ಸಲ್ಲುವುದಕ್ಕೆ ತಕ್ಕ ಕಾರಣವೂ ಇದೆ. ಮಳೆಗಾಲದ ಕೆನ್ನೀರು ತಿಳಿಯಾಗಿ ಕೆರೆ ಬಾವಿಗಳು ತುಂಬಿ ನಿಲ್ಲುವ ಕಾಲವಿದು. ಚರಕಸಂಹಿತೆಯು ಶರತ್ಕಾಲದ ನೀರನ್ನು 'ಹಂಸೋದಕ'ವೆಂದು ಕರೆಯುತ್ತದೆ. ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ಈ ನೀರು ಕುಡಿಯುವುದಕ್ಕೂ ಮೀಯುವುದಕ್ಕೂ ಹಿತವೆಂದು ಹೇಳುತ್ತದೆ.

ಇನ್ನು ಸ್ನಾನದ ಇತಿಹಾಸವನ್ನು ಹುಡುಕಹೊರಟರೆ ನಮಗೆ ಎದುರಾಗುವವರು ಅರಸರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಸ್ನಾನವೂ ರಾಜಭೋಗಗಳಲ್ಲಿ ಒಂದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆಯನ್ನು ಕುಡಿದು ಮೈಗೂ ಹಚ್ಚಿಕೊಂಡು ಅಂಗಸಾಧನೆ ಮಾಡುತ್ತಿದ್ದನೆಂದು ಬರೆದಿದ್ದಾನೆ. ಹಂಪೆಯಲ್ಲಿ 'ರಾಣಿಯ ಸ್ನಾನಗೃಹ'ವನ್ನೂ, ಅರಮನೆಯ ಆವರಣದಲ್ಲಿ ಕೊಳಗಳಿಗೆ ನೀರು ಹರಿಸುತ್ತಿದ್ದ ಕಲ್ಲಿನ ದೋಣಿಗಳನ್ನೂ ಇಂದಿಗೂ ಕಾಣಬಹುದು. ಇವೆಲ್ಲವನ್ನೂ ನಾನು ಪಾಠ ಮಾಡಿದವಳೇ. ಆದರೆ ಇಂಥ ಕಲ್ಲಿನ ದೋಣಿ ಇಲ್ಲದ ಸಾಮಾನ್ಯರ ಮನೆಗಳಿಗೆ ನೀರು ಯಾರ ತಲೆಯ ಮೇಲೆ ಬಂತೆಂಬುದನ್ನು ಒಂದು ತರಗತಿಯಲ್ಲಿಯಾದರೂ ಕೇಳಲಿಲ್ಲವಲ್ಲ ಎಂಬ ಸಂಕೋಚ ಈಗ ಕಾಡುತ್ತದೆ.

ನನಗೆ ಅದರ ಉತ್ತರ ಮನೆಯಲ್ಲಿಯೇ ಗೊತ್ತಿತ್ತು. ಕನಕಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ, 1960ರ ದಶಕದ ಕೊನೆಯ ವರ್ಷಗಳಲ್ಲಿ, ಬಚ್ಚಲು ಮನೆಯ ಹಂಡೆಗೆ ಎಂಟು ಕೊಡ ನೀರು ಹಿಡಿಯುತ್ತಿತ್ತು. ಸೇದುವ ಬಾವಿ ಊರ ಕೊನೆಯಲ್ಲಿ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ನಮ್ಮ ತಾಯಿ ನಾಲ್ಕು ಸಲ ನಡೆದರೆ ಒಂದು ಹಂಡೆ ತುಂಬುತ್ತಿತ್ತು. ಹಬ್ಬದ ನಸುಕಿನಲ್ಲಿ ಒಲೆಗೆ ಉರಿ ಹಾಕುತ್ತಿದ್ದವಳೂ, ನಮ್ಮೆಲ್ಲರ ತಲೆಗೆ ಹರಳೆಣ್ಣೆ ತಟ್ಟಿ ಸೀಗೆಪುಡಿ ಉಜ್ಜುತ್ತಿದ್ದವಳೂ ಅವಳೇ. ಮೊದಲು ತಾತ, ಆಮೇಲೆ ಅಪ್ಪ, ಅಣ್ಣಂದಿರು, ಬಳಿಕ ನಾವು ಹೆಣ್ಣುಮಕ್ಕಳು. ಅವಳ ಸರದಿ ಬರುವಷ್ಟರಲ್ಲಿ ಉರಿ ಆರಿ, ಹಂಡೆಯ ತಳದಲ್ಲಿ ಉಗುರು ಬೆಚ್ಚಗಿನ ನಾಲ್ಕು ಚೊಂಬು ನೀರು ಉಳಿದಿರುತ್ತಿತ್ತು. ನೀರು ಹೊತ್ತವಳಿಗೆ ಕೊನೆಯ ನೀರು! ಅದನ್ನು ನಾವು ಯಾರೂ ಅನ್ಯಾಯವೆಂದು ತಿಳಿದಿರಲಿಲ್ಲ, ಅವಳೂ ತಿಳಿದಿರಲಿಲ್ಲ. ಆದರೆ ಹಿಂದಿನ ಸಂಜೆ ಹಂಡೆಗೆ ಪಟ್ಟೆ ಬಳಿಯುವಾಗ ಮಾತ್ರ ಅವಳ ಮುಖದಲ್ಲಿ ಬೇರೆಯೇ ಒಂದು ಗೆಲುವಿರುತ್ತಿತ್ತು. ಅವಳ ವರ್ಷವಿಡೀ ದುಡಿಮೆಗೆ ಸಂದ ಒಂದೇ ಒಂದು ಹೂಮಾಲೆ ಅದೆಂದು ನನಗೀಗ ಅನಿಸುತ್ತದೆ.

ನಗರದ ಕಥೆ ಬೇರೆ. ಕೆರೆ ಬಾವಿಗಳನ್ನೇ ನಂಬಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಜೊತೆಗೂಡಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ನೆಲೆಗಳಲ್ಲಿ ಪಂಪು ಮಾಡಿ ಮೇಲೆತ್ತಿದ ನೀರದು. ಅಲ್ಲಿ ನಮ್ಮ ತಾಯಂದಿರ ತಲೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಂತ್ರ ವಹಿಸಿಕೊಂಡಿತು. ಹಂಡೆಯ ಬದಲು ತಾಮ್ರದ ಬಾಯ್ಲರು, ಅದರ ಬದಲು ಗೀಸರು ಬಂದಂತೆಲ್ಲ ಬಚ್ಚಲು ಕಿರಿದಾಗುತ್ತ ಬಂತು. ಸೋಜಿಗವೆಂದರೆ, ತಾತಗುಣಿ ನಮ್ಮ ತಲಘಟ್ಟಪುರದ ನೆರೆಯಲ್ಲೇ ಇದ್ದರೂ ಈ ಕಡೆಯ ಬಹುಪಾಲು ಮನೆಗಳಿಗೆ ಬಹುಕಾಲ ಕೊಳವೆ ಬಾವಿ ಮತ್ತು ಟ್ಯಾಂಕರುಗಳೇ ಗತಿಯಾಗಿದ್ದವು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅದೇ ವರ್ಷದ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿದ್ದವು. ಟ್ಯಾಂಕರಿನ ಹಾದಿ ಕಾಯುತ್ತ ಒಂದು ಬಕೆಟ್ ನೀರಿನಲ್ಲಿ ಮನೆಮಂದಿಯೆಲ್ಲ ಮುಖ ತೊಳೆದ ಬೆಳಗುಗಳನ್ನು ನನ್ನ ಸೊಸೆಯೂ ಮರೆತಿಲ್ಲ.

ಆದುದರಿಂದ ಅವಳಿಗೆ ಹೇಳಿದೆ: "ನೋಡಮ್ಮ, ನಾವು ಸಿಂಗರಿಸುವುದು ಬಚ್ಚಲನ್ನಲ್ಲ, ತುಂಬಿದ ಪಾತ್ರೆಯನ್ನು. ಅದಕ್ಕೆ ಐದಡಿ ಧಾರಾಳವಾಯಿತು."

ಊರ ಹಂಡೆ ಈಗಿಲ್ಲ. ಇಲ್ಲಿಗೆ ಬರುವಾಗ ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ಕೊಂಡ ಅವಿವೇಕ ನನ್ನದೇ. ಉಳಿದದ್ದು ತಾಯಿಯ ತಾಮ್ರದ ಚೊಂಬು ಮಾತ್ರ. ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆವು. ಪ್ಲಾಸ್ಟಿಕ್ಕಿಗೆ ಸುಣ್ಣ ಹಿಡಿಯದು. ಆದ್ದರಿಂದ ಸ್ಟೀಲ್ ಬಕೆಟ್ಟಿಗೆ ಸುಣ್ಣ ಕೆಮ್ಮಣ್ಣಿನ ಎರಡೆಳೆ ಬಳಿದು, ಅಂಚಿಗೆ ಚೆಂಡುಹೂವು ಕಟ್ಟಿದೆವು. ಒದ್ದೆ ನೆಲದಲ್ಲಿ ರಂಗೋಲಿ ಹಾಕಿದರೆ ಕಾಲು ಜಾರುತ್ತದೆ, ಪುಡಿ ಕೊಳವೆಗೆ ಸೇರಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅದು ಬಾಗಿಲ ಹೊರಗೆ. ದೀಪವೂ ಹೊರಗೇ. ಗೀಸರಿನ ತಂತಿಗೆ ಹೂ ಸುತ್ತುವ ಉತ್ಸಾಹವನ್ನು ಮಗನಿಗೆ ಬಿಡಿಸಬೇಕಾಯಿತು.

ನಸುಕಿಗೆ ಎದ್ದು ನಾನೇ ನೀರು ಕಾಯಿಸಿದೆ. ಮಗ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ನಿಂತಿದ್ದ. ಅವನನ್ನು ತುಸು ಕಾಯುವಂತೆ ಹೇಳಿ, ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಆ ವರ್ಷದ ಮೊದಲ ಎಣ್ಣೆಯನ್ನು ಅವಳ ನೆತ್ತಿಗೆ ತಟ್ಟಿದೆ.