ರೀಸಣ್ಣನ ಹೆಸರು ಎಲ್ಲಿ ಹೋತು?

ಬ್ರಿಟಲ್ ಸ್ಟಾರ್ ಅಂದ್ರ ನಕ್ಷತ್ರಮೀನಿನ ಬಳಗದ ಒಂದು ಜೀವ. ನಡುವ ಸಣ್ಣ ಬಿಲ್ಲೆ, ಸುತ್ತ ಹಾವಿನಂಗ ಹೊರಳಾಡೋ ಐದು ಉದ್ದನ್ನ ತೋಳು. ಹಿಡಿದ್ರ ತೋಳು ಪಟ್ಟನ ಮುರಕೊಂಡು ಓಡತದ, ಆಮ್ಯಾಲೆ ಹೊಸಾದು ಬೆಳಸ್ಕೋತದ. ಕೆರಿಬಿಯನ್ ಸಮುದ್ರದ ಹವಳದ ದಿಬ್ಬದಾಗ ಇರೋ ಇದರ ಒಂದು ಜಾತಿಗೆ ಇನ್ನೂರು ವರ್ಷದೊಳಗ ಮೂರು ಹೆಸರಾದವು.

ಸ್ವೀಡನ್ನಿನ ಲಿನೇಯಸ್ 1758ರಾಗ ನಕ್ಷತ್ರಮೀನು, ಬ್ರಿಟಲ್ ಸ್ಟಾರ್ ಎರಡನ್ನೂ ಕೂಡಿಸಿ 'ಆಸ್ಟೀರಿಯಸ್' ಅಂತ ಒಂದ ಮನಿತನಕ್ಕ ಸೇರಿಸಿದ್ದ. ತೊಗರಿ ಬ್ಯಾಳಿ, ಹೆಸರ ಬ್ಯಾಳಿ ಒಂದ ಡಬ್ಬಿಗೆ ಸುರವಿಧಂಗ! ಮುಂದಿನವರು ಒಂದೊಂದ ಬಿಡಿಸ್ಕೋತ ಹೋದ್ರು. 1836ರಾಗ ಅಗಾಸಿ ಅನ್ನಾಂವ 'ಒಫಿಯೊಕೋಮಾ' ಅನ್ನೋ ಮನಿತನ ಮಾಡಿದ. ಗ್ರೀಕ್‌ದಾಗ ಒಫಿಸ್ ಅಂದ್ರ ಹಾವು, ಕೋಮಿ ಅಂದ್ರ ಕೂದಲಾ. 1842ರಾಗ ಮ್ಯುಲರ್, ಟ್ರೋಶೆಲ್ ಅಂತ ಇಬ್ಬರು ಜರ್ಮನ್ನರು ನಮ್ಮ ಈ ಜೀವಕ್ಕ 'ಒಫಿಯೊಕೋಮಾ ವೆಂಡ್ಟಿಯೈ' ಅಂತ ಹೆಸರಿಟ್ಟರು.

ಹದಿನೇಳು ವರ್ಷ ಬಿಟ್ಟು, 1859ರಾಗ, ಡೆನ್ಮಾರ್ಕಿನ ಲ್ಯುಟ್ಕೆನ್ 'ಒಫಿಯೊಕೋಮಾ ರೀಸಿಯೈ' ಅಂತ ಇನ್ನೊಂದು ಹೆಸರಿಟ್ಟ. ರೀಸ ಅಂದ್ರ ಸೇಂಟ್ ಥಾಮಸ್ ದ್ವೀಪದಾಗ ಔಷಧದ ಅಂಗಡಿ ಇಟ್ಟಿದ್ದಾಂವ. ಆವಾಗ ಆ ದ್ವೀಪ ಡೆನ್ಮಾರ್ಕಿನ ವಸಾಹತು. 'ಬೇ ರಮ್' ಅನ್ನೋ ಸುಗಂಧದ ನೀರು ಮಾಡಿ ಮಾರತಿದ್ದ, ಜೋಡಿಗೆ ಪ್ರಾಣಿಗಳನ್ನ ಕೂಡಹಾಕಿ ಕೋಪನ್‌ಹೇಗನ್ನಿಗೆ ಕಳಸೋ ಹುಚ್ಚೂ ಇತ್ತು. ಎಷ್ಟೋ ವರ್ಷ ಪುಸ್ತಕದಾಗ ರೀಸಣ್ಣನ ಹೆಸರ ನಡೀತು. ಆದ್ರ ಎರಡೂ ಒಂದ ಜೀವ ಅಂತ ಆತು. ಮೊದಲ ಇಟ್ಟ ಹೆಸರ ಖರೆ ಅಂತ ಶಾಸ್ತ್ರದ ನಿಯಮ, ಹಿಂಗಾಗಿ ರೀಸಿಯೈ ಹೋತು, ವೆಂಡ್ಟಿಯೈ ಉಳೀತು.

ಅಷ್ಟಕ್ಕ ಮುಗೀಲಿಲ್ಲ. 2019ರಾಗ ಡಿಎನ್ಎ ನೋಡಿದವರು ಇದು ಒಫಿಯೊಕೋಮಾದ ಕೂಸ ಅಲ್ಲ ಅಂದ್ರು, 'ಒಫಿಯೊಮಾಸ್ಟಿಕ್ಸ್' ಮನಿತನಕ್ಕ ಕಳಿಸಿದ್ರು. ಮಾಸ್ಟಿಕ್ಸ್ ಅಂದ್ರ ಚಾಟಿ. ಮದುವಿ ಆದ ಮ್ಯಾಲೆ ನಮ್ಮ ಅಡ್ಡಹೆಸರು ಬದಲಾಧಂಗ ಅನ್ರಿ, ಆದ್ರ ಇಲ್ಲಿ ತವರಮನಿ ಗುರ್ತು ಅಳಸಂಗಿಲ್ಲ. ಮನಿತನ ಬದಲಾದ್ರ ಮೊದಲ ಹೆಸರಿಟ್ಟವರನ್ನ ಕಂಸದೊಳಗ ಬರೀಬೇಕು. ಕಂಸ ಕಂಡ್ರ ಇದು ಮನಿ ಬದಲಿಸಿದ್ದು ಅಂತ ತಿಳ್ಕೋಬೇಕು. ನನಗ ಈ ಪದ್ಧತಿ ಭಾಳ ಸೇರತು.

ಹೆಸರಿಗೆ ಇಷ್ಟ್ಯಾಕ ಗುದ್ದಾಟ ಅಂತೀರೇನು? ಈ ಜೀವಕ್ಕ ಕಣ್ಣಿಲ್ಲ, ಆದ್ರೂ ಬೆಳಕು ತಿಳೀತದ. ಹಗಲಿಗೆ ಕಡುಗಂದು, ರಾತ್ರಿ ಬೂದಿ ಬಣ್ಣದ ಪಟ್ಟಾಪಟ್ಟಿ. ಅದರ ತೋಳಿನ ಮ್ಯಾಲಿನ ಸುಣ್ಣದ ಹರಳು ಮಸೂರದಂಗ ಕೆಲಸ ಮಾಡತಾವ ಅಂತ 2001ರಾಗ ಬರದ್ರು. 2018ರಾಗ, ಬೆಳಕು ಹಿಡಿಯೋ ಜೀವಕೋಶ ಆ ಹರಳಿನ ಕೆಳಗಿಲ್ಲ, ನಡುವಿನ ಸಂದಿನ್ಯಾಗ ಅವ ಅಂತ ಬ್ಯಾರೆಯವರು ತೋರಿಸಿದ್ರು. ಬಣ್ಣ ಬದಲಿಸೋದೂ ನೋಡೋದೂ ಒಂದಕ್ಕೊಂದು ಕೂಡೇದ ಅಂತ 2020ರಾಗ ಗೊತ್ತಾತು. ಇದೆಲ್ಲಾ ಇರೋದು ಒಫಿಯೊಕೋಮಾ ಅನ್ನೋ ಹಳೇ ಹೆಸರಿನ್ಯಾಗ. ಹೊಸಾ ಹೆಸರೊಂದ ಗೊತ್ತಿದ್ದಾಕಿಗೆ ಇದ್ಯಾವದೂ ಸಿಗಂಗಿಲ್ಲ.

ಅದಕ್ಕ ರೀಸಣ್ಣನ ಹೆಸರೂ ಪೂರ್ತಿ ಹೋಗಿಲ್ಲ. ಇವತ್ತಿಗೂ ಪಟ್ಟಿಯೊಳಗ ಹಳೇ ಹೆಸರಿನ ಸಾಲಿನ್ಯಾಗ ಕೂತದ. 1859ರಿಂದ ಮುಂದ ಆ ಹೆಸರಿನ್ಯಾಗ ಬರದದ್ದು ಹುಡುಕಬೇಕಂದ್ರ ಅದನ್ನ ಹಿಡಕೊಂಡ ಹೋಗಬೇಕು.