ಹಾರ್ಲೆಮ್‌ನ ಆರು ಭಾನುವಾರಗಳು ಮತ್ತು ಒಂದು ಧ್ವನಿಸುರುಳಿ

ಹೋಬೋಕನ್‌ನ ಉತ್ತರ ಭಾಗದಲ್ಲಿ, ಹಡ್ಸನ್ ನದಿಯ ದಡದಲ್ಲಿ, ಮ್ಯಾಕ್ಸ್‌ವೆಲ್ ಪ್ಲೇಸ್ ಎಂಬ ವಸತಿ ಸಮುಚ್ಚಯವಿದೆ. ನಮ್ಮವರೂ ಸೇರಿದಂತೆ ಅನೇಕ ಭಾರತೀಯ ಕುಟುಂಬಗಳು ಸಂಜೆಯ ವಿಹಾರಕ್ಕೆ ಬರುವ ಈ ಜಾಗದಲ್ಲಿ 1939ರಿಂದ 1992ರವರೆಗೆ ಮ್ಯಾಕ್ಸ್‌ವೆಲ್ ಹೌಸ್ ಕಂಪನಿಯ ಬೃಹತ್ ಕಾಫಿ ಕಾರ್ಖಾನೆ ಇತ್ತು. ಓರೆಯಾಗಿ ಬಾಗಿದ ಬಟ್ಟಲಿನಿಂದ ಕೊನೆಯ ಹನಿ ಜಾರುತ್ತಿರುವ ಅದರ ದೀಪಫಲಕ ಆಚೆ ದಡದ ಮ್ಯಾನ್‌ಹ್ಯಾಟನ್‌ಗೂ ಕಾಣುತ್ತಿತ್ತು. ಹುರಿದ ಕಾಫಿಯ ಪರಿಮಳ ಊರನ್ನೆಲ್ಲ ಆವರಿಸುತ್ತಿದ್ದುದನ್ನು ಇಲ್ಲಿನ ಹಳಬರು ಇಂದಿಗೂ ನೆನೆಯುತ್ತಾರೆ. ವಾಷಿಂಗ್ಟನ್ ಬೀದಿಯಲ್ಲಿ 1978ರಿಂದ 2013ರವರೆಗೆ ಹೆಸರುವಾಸಿಯಾಗಿದ್ದ ಮ್ಯಾಕ್ಸ್‌ವೆಲ್ಸ್ ಎಂಬ ಸಂಗೀತ ತಾಣಕ್ಕೆ ಹೆಸರು ಬಂದದ್ದೂ ಈ ಕಾರ್ಖಾನೆಯಿಂದಲೇ.

ಚಿಕ್ಕಮಗಳೂರು, ಕೊಡಗುಗಳ ಕಾಫಿಯ ರುಚಿ ಬಲ್ಲ ನಮಗೆ ಈ ಪುಡಿಯ ಗುಣದ ಬಗ್ಗೆ ಬೇರೆಯೇ ಅಭಿಪ್ರಾಯವಿರಬಹುದು. ಆದರೆ ಅಮೆರಿಕದ ಸಂಗೀತ ಚರಿತ್ರೆಯ ಒಂದು ಮುಖ್ಯ ಪುಟದಲ್ಲಿ ಇದೇ ಕಾಫಿಯ ಹೆಸರಿದೆ. 1969ರ ಬೇಸಿಗೆಯಲ್ಲಿ, ನದಿಯಾಚೆಯ ಹಾರ್ಲೆಮ್‌ನಲ್ಲಿ ನಡೆದ ಹಾರ್ಲೆಮ್ ಸಾಂಸ್ಕೃತಿಕ ಉತ್ಸವದ ಪ್ರಾಯೋಜಕರು ಮ್ಯಾಕ್ಸ್‌ವೆಲ್ ಹೌಸ್ ಸಂಸ್ಥೆಯವರು. ಆ ಉತ್ಸವದ ಕುರಿತು 2021ರಲ್ಲಿ ‘ಸಮ್ಮರ್ ಆಫ್ ಸೋಲ್’ ಎಂಬ ಸಾಕ್ಷ್ಯಚಿತ್ರ ತೆರೆಕಂಡಿತು. 2022ರ ಜನವರಿ 28ರಂದು ಅದರ ಹಾಡುಗಳ ಸಂಕಲನ ಬಿಡುಗಡೆಯಾಯಿತು. ಈ ಸಂಕಲನವನ್ನು ಕುರಿತು ಸಂಗೀತಪ್ರಿಯರಲ್ಲಿ ಮೂಡಿದ ಭಿನ್ನಾಭಿಪ್ರಾಯಗಳು ಮೇಲ್ನೋಟಕ್ಕೆ ಅಭಿರುಚಿಯ ಜಗಳದಂತೆ ಕಾಣುತ್ತವೆ. ಒಳಹೊಕ್ಕು ನೋಡಿದರೆ, ಒಂದು ಸಮುದಾಯದ ನೆನಪನ್ನು ಯಾರು ಕಾಯುತ್ತಾರೆ, ಎಷ್ಟನ್ನು ಉಳಿಸುತ್ತಾರೆ ಎಂಬ ಪ್ರಶ್ನೆ ಅವುಗಳ ಬುಡದಲ್ಲಿದೆ.

ಮೊದಲು ಉತ್ಸವದ ವಿಚಾರ. ಆ ವರ್ಷದ ಜೂನ್ 29ರಿಂದ ಆಗಸ್ಟ್ 24ರ ನಡುವೆ ಆರು ಭಾನುವಾರಗಳಂದು ಮೌಂಟ್ ಮಾರಿಸ್ ಉದ್ಯಾನದಲ್ಲಿ ಸಂಗೀತ ಕಚೇರಿಗಳು ನಡೆದವು. ಪ್ರವೇಶ ಉಚಿತ, ಒಟ್ಟು ಸುಮಾರು ಮೂರು ಲಕ್ಷ ಮಂದಿ ಸೇರಿದ್ದರೆಂದು ಅಂದಾಜು. ಟೋನಿ ಲಾರೆನ್ಸ್ ಎಂಬ ಗಾಯಕ ಉತ್ಸವದ ಸಂಘಟಕರೂ ನಿರೂಪಕರೂ ಆಗಿದ್ದರು. ನಗರಾಧ್ಯಕ್ಷ ಜಾನ್ ಲಿಂಡ್ಸೆ ಅವರ ಬೆಂಬಲ ಇದಕ್ಕಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಆಗ ಕೇವಲ ಒಂದು ವರ್ಷ ಕಳೆದಿತ್ತು. ಕಪ್ಪು ಜನರ ಬಡಾವಣೆಗಳಲ್ಲಿ ದುಃಖವೂ ಸಿಟ್ಟೂ ಇನ್ನೂ ಆರಿರಲಿಲ್ಲ. ಉತ್ಸವದ ಕಾವಲಿಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯರೂ ನಿಂತಿದ್ದರು.

ಅಲ್ಲಿ ಹಾಡಿದವರ ಪಟ್ಟಿ ಇಂದು ನೋಡಿದರೆ ಬೆರಗು ಹುಟ್ಟಿಸುತ್ತದೆ. ನೀನಾ ಸಿಮೋನ್, ಮಹಾಲಿಯಾ ಜಾಕ್ಸನ್, ಬಿ.ಬಿ. ಕಿಂಗ್, ಗ್ಲ್ಯಾಡಿಸ್ ನೈಟ್, ಸ್ಟೇಪಲ್ ಸಿಂಗರ್ಸ್, ಫಿಫ್ತ್ ಡೈಮೆನ್ಷನ್, ಸ್ಲೈ ಆ್ಯಂಡ್ ದಿ ಫ್ಯಾಮಿಲಿ ಸ್ಟೋನ್ ಮತ್ತು ಹತ್ತೊಂಬತ್ತರ ಹರೆಯದ ಸ್ಟೀವಿ ವಂಡರ್. ಚರ್ಚಿನ ಭಕ್ತಿಗಾಯನದ ಕಂಠವನ್ನು ಲೌಕಿಕ ಬದುಕಿನ ಸುಖದುಃಖಗಳಿಗೆ ಒಲಿಸಿಕೊಂಡ ಸಂಗೀತವೇ ಸೋಲ್. ಒಬ್ಬರು ಸಾಲೆತ್ತುವುದು, ಸಮೂಹ ಅದಕ್ಕೆ ಓಗೊಡುವುದು ಅದರ ಜೀವಾಳ. ನಮ್ಮ ಭಜನೆಯ ಮೇಳದಲ್ಲಿ ಕುಳಿತು ಹಾಡಿದವರಿಗೆ ಈ ಕ್ರಮ ಅಪರಿಚಿತವೇನಲ್ಲ.

ಈ ಕಚೇರಿಗಳನ್ನು ಚಿತ್ರೀಕರಿಸಿದವರು ಹ್ಯಾಲ್ ಟಲ್ಚಿನ್ ಎಂಬ ದೂರದರ್ಶನ ನಿರ್ಮಾಪಕರು. ದೀಪಗಳಿಗೆ ಹಣವಿರಲಿಲ್ಲ. ಆದ್ದರಿಂದ ಇಳಿಹೊತ್ತಿನ ಬಿಸಿಲು ನೇರವಾಗಿ ಕಲಾವಿದರ ಮೇಲೆ ಬೀಳುವಂತೆ ವೇದಿಕೆಯನ್ನು ಪಶ್ಚಿಮಾಭಿಮುಖವಾಗಿ ಕಟ್ಟಲಾಯಿತು. ಹೀಗೆ ಸೂರ್ಯನ ಬೆಳಕಿನಲ್ಲಿ ಸುಮಾರು ನಲವತ್ತು ಗಂಟೆಗಳ ವಿಡಿಯೊ ದಾಖಲೆ ಸಿದ್ಧವಾಯಿತು. ಅದೇ ಆಗಸ್ಟ್‌ನಲ್ಲಿ ನೂರು ಮೈಲಿ ದೂರದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆದು ಜಗದ್ವಿಖ್ಯಾತವಾದ ಮೇಲೆ, ಟಲ್ಚಿನ್ ತಮ್ಮ ದಾಖಲೆಯನ್ನು ಕಪ್ಪು ವುಡ್‌ಸ್ಟಾಕ್ ಎಂದು ಕರೆದು ಮಾರಲು ಯತ್ನಿಸಿದರೂ ಕೊಳ್ಳುವವರು ದೊರೆಯಲಿಲ್ಲ. ಟೇಪುಗಳು ಅವರ ಮನೆಯ ನೆಲಮಾಳಿಗೆ ಸೇರಿ ಅಲ್ಲಿಯೇ ಸುಮಾರು ಐವತ್ತು ವರ್ಷ ಉಳಿದವು. ಚಿತ್ರ ತೆರೆಕಾಣುವ ಮೊದಲೇ, 2017ರಲ್ಲಿ, ಟಲ್ಚಿನ್ ತೀರಿಕೊಂಡರು.

ಆ ಟೇಪುಗಳಿಂದ ಚಿತ್ರ ಮಾಡಿದವರು ದಿ ರೂಟ್ಸ್ ತಂಡದ ಡ್ರಮ್ ವಾದಕ ಅಹ್ಮೀರ್ ಥಾಂಪ್ಸನ್. ಕ್ವೆಸ್ಟ್‌ಲವ್ ಎಂಬುದು ಅವರ ಪ್ರಸಿದ್ಧ ಹೆಸರು. ನಿರ್ಮಾಪಕರಲ್ಲೊಬ್ಬರಾದ ಜೋಸೆಫ್ ಪಟೇಲ್ ಭಾರತೀಯ ಮೂಲದವರು. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಹಾಗೂ ಪ್ರೇಕ್ಷಕರ ಪ್ರಶಸ್ತಿ ಎರಡನ್ನೂ ಪಡೆದ ಈ ಚಿತ್ರಕ್ಕೆ 2022ರ ಮಾರ್ಚ್‌ನಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್, ಮುಂದಿನ ತಿಂಗಳು ಗ್ರ್ಯಾಮಿ ಪ್ರಶಸ್ತಿ ದೊರೆತವು.

ಇನ್ನು ಹಾಡುಗಳ ಸಂಕಲನ. ಇದನ್ನು ಮೆಚ್ಚಿದವರ ಮೊದಲ ಮಾತು ಸರಳವಾದದ್ದು: ಇಲ್ಲಿ ಹಾಡುಗಳು ಪೂರ್ತಿಯಾಗಿ ಕೇಳುತ್ತವೆ. ಚಿತ್ರದಲ್ಲಿ ಗಾಯನ ಕಾವೇರುತ್ತಿದ್ದಂತೆಯೇ ಯಾರದೋ ಸಂದರ್ಶನದ ಮಾತು ಅದರ ಮೇಲೆ ಹರಿಯುತ್ತದೆ. ಕಿವಿಗೊಟ್ಟು ಕೂತ ರಸಿಕನಿಗೆ ಇದು ಊಟದ ನಡುವೆ ಎಬ್ಬಿಸಿದಂತೆ. ಧ್ವನಿಸುರುಳಿಯಲ್ಲಿ ಆ ಅಡ್ಡಿಯಿಲ್ಲ. ಮಹಾಲಿಯಾ ಜಾಕ್ಸನ್ ಮತ್ತು ಮೇವಿಸ್ ಸ್ಟೇಪಲ್ಸ್ ಒಟ್ಟಾಗಿ ಹಾಡಿದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಇದಕ್ಕೆ ಉತ್ತಮ ನಿದರ್ಶನ. ಗುಂಡೇಟಿಗೆ ಬಲಿಯಾಗುವ ಕೆಲವೇ ಕ್ಷಣ ಮೊದಲು ಕಿಂಗ್ ಅವರು ಅಂದಿನ ಸಭೆಯಲ್ಲಿ ನುಡಿಸಬೇಕೆಂದು ಕೇಳಿಕೊಂಡಿದ್ದ ಗೀತೆ ಅದು. ಅಂದು ಮೈ ಸ್ವಸ್ಥವಿಲ್ಲದ ಮಹಾಲಿಯಾ, ಕಿರಿಯಳಾದ ಮೇವಿಸ್‌ಗೆ ಹಾಡನ್ನು ಆರಂಭಿಸಲು ಹೇಳಿದರು. ಬಳಿಕ ತಾವೂ ಕೂಡಿಕೊಂಡರು. ಎರಡು ತಲೆಮಾರುಗಳ ಕಂಠಗಳು ಒಂದನ್ನೊಂದು ಎತ್ತಿ ಹಿಡಿಯುವ ಆ ಗಾಯನವನ್ನು ಮಾತಿನ ಹಂಗಿಲ್ಲದೆ ಕೇಳುವುದೇ ಒಂದು ಭಾಗ್ಯ.

ಇದಕ್ಕೆ ವಿರುದ್ಧವಾದ ಅಭಿಪ್ರಾಯವೂ ತಳ್ಳಿಹಾಕುವಂಥದ್ದಲ್ಲ. ಚಿತ್ರದ ಅರ್ಥವಿರುವುದು ಆ ಮಾತುಗಳಲ್ಲಿಯೇ ಎನ್ನುವವರಿದ್ದಾರೆ. ಜುಲೈ 20ರ ಭಾನುವಾರ, ಮನುಷ್ಯ ಚಂದ್ರನ ಮೇಲೆ ಇಳಿದ ದಿನವೇ, ಉದ್ಯಾನದಲ್ಲಿ ಕಚೇರಿ ನಡೆದಿತ್ತು. ಚಂದ್ರಯಾನಕ್ಕೆ ಸುರಿದ ಹಣವನ್ನು ಹಾರ್ಲೆಮ್‌ನ ಹಸಿದವರಿಗೆ ಕೊಡಬಹುದಿತ್ತಲ್ಲ ಎಂದು ಅಲ್ಲಿ ನೆರೆದ ಜನ ವರದಿಗಾರರಿಗೆ ಹೇಳುವ ದೃಶ್ಯ ಚಿತ್ರದಲ್ಲಿದೆ. ಆ ಮಾತು ಕೇಳಿದ ಮೇಲೆ ಅಂದಿನ ಹಾಡುಗಳ ಲಯವೇ ಬೇರೆಯಾಗಿ ಕೇಳಿಸುತ್ತದೆ. ಹಾಡನ್ನು ಅದರ ದಿನದಿಂದ ಬಿಡಿಸಿ ತೆಗೆದರೆ ಅದು ಒಳ್ಳೆಯ ಹಾಡಾಗಿ ಉಳಿದೀತು, ಆದರೆ ಸಾಕ್ಷಿಯಾಗಿ ಉಳಿಯುವುದಿಲ್ಲ ಎಂಬುದು ಇವರ ವಾದ.

ಮೂರನೆಯದು ಅತ್ಯಂತ ಬಲವಾದ ದೂರು. ಚಿತ್ರ ಆರಂಭವಾಗುವುದು ಸ್ಟೀವಿ ವಂಡರ್ ಡ್ರಮ್ ನುಡಿಸುವ ರೋಮಾಂಚಕ ದೃಶ್ಯದಿಂದ. ಸಂಕಲನದಲ್ಲಿ ಸ್ಟೀವಿ ವಂಡರ್ ಇಲ್ಲವೇ ಇಲ್ಲ. ಚಿತ್ರ ನೋಡಿ ಮನಸೋತು ಧ್ವನಿಸುರುಳಿ ಕೊಂಡವನಿಗೆ ಇದು ದೇವರಿಲ್ಲದ ತೇರಿನಂತೆ ತೋರಿದರೆ ಆಶ್ಚರ್ಯವಿಲ್ಲ. ಇಲ್ಲಿ ಒಂದು ವ್ಯಾವಹಾರಿಕ ಅಂಶವನ್ನು ಗಮನಿಸಬೇಕು. ಒಂದು ಗಾಯನವನ್ನು ಚಿತ್ರದಲ್ಲಿ ಬಳಸಲು ಪಡೆಯುವ ಅನುಮತಿ ಬೇರೆ, ಅದನ್ನೇ ಧ್ವನಿಮುದ್ರಿಕೆಯಾಗಿ ಮಾರಲು ಪಡೆಯಬೇಕಾದ ಅನುಮತಿ ಬೇರೆ. ಗೀತರಚನೆಕಾರ, ಗಾಯಕ, ಗಾಯಕನ ಧ್ವನಿಮುದ್ರಣ ಸಂಸ್ಥೆ ಎಲ್ಲರೊಡನೆ ಒಪ್ಪಂದಗಳಾಗಬೇಕು. ಹೀಗಾಗಿ ಪರದೆಯ ಮೇಲೆ ಕಂಡದ್ದೆಲ್ಲ ಧ್ವನಿಸುರುಳಿಯಲ್ಲಿ ಬರಬೇಕೆಂಬ ನಿಯಮವಿಲ್ಲ. ಆದರೆ ಮುಂದಿನ ತಲೆಮಾರಿನ ಕೇಳುಗನಿಗೆ ಈ ಒಪ್ಪಂದಗಳ ಕಥೆ ತಿಳಿದಿರುವುದಿಲ್ಲ. ಅವನ ಪಾಲಿಗೆ ಸಂಕಲನದಲ್ಲಿ ಇಲ್ಲದವರು ಉತ್ಸವದಲ್ಲಿಯೂ ಇರಲಿಲ್ಲ.

ನಾಲ್ಕನೆಯ ಅಭಿಪ್ರಾಯ ಇವೆಲ್ಲವನ್ನೂ ಒಳಗೊಳ್ಳುತ್ತದೆ: ನಲವತ್ತು ಗಂಟೆಗಳ ದಾಖಲೆಯಿಂದ ಎರಡು ಗಂಟೆಯ ಚಿತ್ರ, ಅದರಿಂದ ಒಂದೇ ಸಿಡಿಯಲ್ಲಿ ಹಿಡಿಯುವಷ್ಟು ಹಾಡು, ಉಳಿದದ್ದು ಯಾವಾಗ? ಬಹುತೇಕ ಕಲಾವಿದರಿಗೆ ದೊರೆತದ್ದು ಒಂದೋ ಎರಡೋ ಹಾಡು. ಒಂದು ಮಧ್ಯಾಹ್ನದ ಕಚೇರಿ ಹೇಗೆ ಆರಂಭವಾಗಿ, ಹೇಗೆ ಏರಿ, ಹೇಗೆ ಮುಗಿಯಿತು ಎಂಬುದು ಬಿಡಿಹಾಡುಗಳಿಂದ ತಿಳಿಯದು.

ಈ ಬೇಡಿಕೆಯನ್ನು ಅತಿಯಾಸೆ ಎನ್ನುವ ಮೊದಲು ವುಡ್‌ಸ್ಟಾಕ್‌ನತ್ತ ನೋಡಬೇಕು. ಅದರ ಚಿತ್ರ 1970ರಲ್ಲೇ ಬಂತು. ಜೊತೆಗೆ ಮೂರು ಎಲ್‌ಪಿಗಳ ಸಂಕಲನವೂ ಬಂತು. ಐವತ್ತನೆಯ ವರ್ಷದಲ್ಲಿ, 2019ರಲ್ಲಿ, ಆ ಉತ್ಸವದ ಧ್ವನಿಮುದ್ರಣವನ್ನು ಬಹುತೇಕ ಸಂಪೂರ್ಣವಾಗಿ 38 ಸಿಡಿಗಳಲ್ಲಿ ಹೊರತಂದರು; ಉತ್ಸವದ ವರ್ಷದ ನೆನಪಿಗೆ ಅಚ್ಚಾದ ಪ್ರತಿಗಳು 1,969. ಸ್ಲೈ ಆ್ಯಂಡ್ ದಿ ಫ್ಯಾಮಿಲಿ ಸ್ಟೋನ್ ಅದೇ ಬೇಸಿಗೆಯಲ್ಲಿ ಎರಡೂ ಕಡೆ ಹಾಡಿದ ತಂಡ. ವುಡ್‌ಸ್ಟಾಕ್‌ನ ಅದರ ಕಚೇರಿ ಪೂರ್ತಿಯಾಗಿ ದೊರೆಯುತ್ತದೆ. ಹಾರ್ಲೆಮ್‌ನ ಸಂಕಲನದಲ್ಲಿ ಅದಕ್ಕೆ ಎರಡು ಹಾಡುಗಳ ಜಾಗ. ಅಭಿಮಾನಿಗಳ ಅಸಮಾಧಾನ ನಿಂತಿರುವುದು ಈ ಲೆಕ್ಕದ ಮೇಲೆ.

ಇನ್ನೊಂದು ಹೋಲಿಕೆಯೂ ಉಪಯುಕ್ತ. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ ಸ್ಟ್ಯಾಕ್ಸ್ ಧ್ವನಿಮುದ್ರಣ ಸಂಸ್ಥೆ ‘ವಾಟ್‌ಸ್ಟ್ಯಾಕ್ಸ್’ ಎಂಬ ಸೋಲ್ ಉತ್ಸವ ನಡೆಸಿತು. ಟಿಕೆಟ್ ಒಂದು ಡಾಲರ್. ಸೇರಿದವರು ಲಕ್ಷಕ್ಕೂ ಮಿಕ್ಕಿದ್ದರು. ಮರುವರ್ಷ ಮೆಲ್ ಸ್ಟುವರ್ಟ್ ನಿರ್ದೇಶನದ ಚಿತ್ರವೂ ಎರಡು ಎಲ್‌ಪಿಗಳ ಸಂಕಲನವೂ ಬಂದವು. ಆದರೆ ಆ ಸಂಕಲನದಲ್ಲಿದ್ದುದೆಲ್ಲ ಅಂದಿನ ಮೈದಾನದ ಗಾಯನವಾಗಿರಲಿಲ್ಲ. ಸ್ಟೇಪಲ್ ಸಿಂಗರ್ಸ್ ಅವರ ಒಂದು ಹಾಡು ಸ್ಟುಡಿಯೊದಲ್ಲಿ ಮುದ್ರಿತವಾಗಿ, ಬಳಿಕ ಅದಕ್ಕೆ ಪ್ರೇಕ್ಷಕರ ಗದ್ದಲವನ್ನು ಬೆರೆಸಲಾಗಿತ್ತು. ಅಂದಿನ ಸಂಗ್ರಾಹಕರ ಆಕ್ಷೇಪ ಈ ಬೆರಕೆಯ ಮೇಲೆ. ಆ ದೃಷ್ಟಿಯಿಂದ ಹಾರ್ಲೆಮ್ ಸಂಕಲನ ಪ್ರಾಮಾಣಿಕವಾದದ್ದು. ಅಲ್ಲಿ ಕೇಳುವ ಚಪ್ಪಾಳೆ ಅಲ್ಲಿಯದೇ. ಅದರ ಕೊರತೆ ಸುಳ್ಳಿನದಲ್ಲ, ಮಿತಿಯದು.

ಚಿತ್ರವನ್ನು ಮೆಚ್ಚಿದವರೇ ಎತ್ತುವ ಒಂದು ಐತಿಹಾಸಿಕ ತಿದ್ದುಪಡಿಯನ್ನೂ ಹೇಳಬೇಕು. ಉತ್ಸವವನ್ನು ಜಗತ್ತು ನೋಡಿಯೇ ಇರಲಿಲ್ಲ ಎಂಬ ಪ್ರಚಾರದ ಮಾತು ಪೂರ್ಣ ಸತ್ಯವಲ್ಲ. 1969ರಲ್ಲಿಯೇ ಅದರ ಭಾಗಗಳು ದೂರದರ್ಶನದಲ್ಲಿ ಪ್ರಸಾರವಾಗಿದ್ದವು. ನೀನಾ ಸಿಮೋನ್ ಗಾಯನದ ತುಣುಕುಗಳೂ ಈ ಚಿತ್ರಕ್ಕೆ ಮೊದಲೇ ಹೊರಬಂದಿದ್ದವು. ಕಾಣೆಯಾಗಿದ್ದುದು ಉತ್ಸವದ ಸಮಗ್ರ ರೂಪ. ಬಾಲ್ಯದಲ್ಲಿ ಅಲ್ಲಿದ್ದ ಒಬ್ಬರು ಚಿತ್ರದಲ್ಲಿ ಆ ದೃಶ್ಯಗಳನ್ನು ನೋಡುತ್ತ ಕಣ್ಣೀರಾಗುತ್ತಾರೆ: ತಮ್ಮ ನೆನಪು ಬರಿಯ ಭ್ರಮೆಯಾಗಿರಲಿಲ್ಲವೆಂದು ಅವರಿಗೆ ಖಚಿತವಾದದ್ದು ಆಗ. ದಾಖಲೆಯಿಲ್ಲದ ನೆನಪನ್ನು ಕ್ರಮೇಣ ನೆನಪಿನ ಒಡೆಯನೇ ನಂಬದಂತಾಗುತ್ತಾನೆ.

ಈ ನಷ್ಟ ಕನ್ನಡಿಗರಿಗೆ ಹೊಸದಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ ಆ ಚಿತ್ರದಲ್ಲಿ ಕನ್ನಡ ಮೊದಲ ಬಾರಿಗೆ ಬೆಳ್ಳಿತೆರೆಯಿಂದ ಮಾತನಾಡಿತು, ಹಾಡಿತು. ಆ ಧ್ವನಿ ಹೇಗಿತ್ತೆಂದು ನಾವು ಪುಸ್ತಕಗಳಲ್ಲಿ ಓದಿ ಊಹಿಸಿಕೊಳ್ಳಬೇಕು. ಯಾವ ಹಾಡು ಬೇಕು, ಯಾವುದು ಬೇಡ ಎಂದು ಜಗಳವಾಡುವ ಅವಕಾಶವೂ ನಮಗಿಲ್ಲ. ಹಾರ್ಲೆಮ್‌ನ ಅಭಿಮಾನಿಗಳಿಗೆ ಜಗಳವಾಡಲು ಸಾಧ್ಯವಾಗಿರುವುದು, ಒಬ್ಬ ವ್ಯಕ್ತಿ ಕೊಳ್ಳುವವರಿಲ್ಲದ ಟೇಪುಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ.

ನ್ಯೂಜೆರ್ಸಿಯ ನಮ್ಮ ಮನೆಗಳಿಗೂ ನೆಲಮಾಳಿಗೆಗಳಿವೆ. ಎಂಬತ್ತು, ತೊಂಬತ್ತರ ದಶಕಗಳ ಯುಗಾದಿ, ರಾಜ್ಯೋತ್ಸವ, ನಾಟಕ, ಸುಗಮ ಸಂಗೀತ, ಯಕ್ಷಗಾನಗಳ ವಿಎಚ್‌ಎಸ್ ಟೇಪುಗಳು ಅಲ್ಲಿನ ಪೆಟ್ಟಿಗೆಗಳಲ್ಲಿವೆ. ಊರಿನಿಂದ ಬಂದು ಹಾಡಿಹೋದ, ಇಂದು ನಮ್ಮೊಡನಿಲ್ಲದ ಕಲಾವಿದರ ಧ್ವನಿ ಅವುಗಳಲ್ಲಿರಬಹುದು. ಇಲ್ಲಿನ ಬೇಸಿಗೆಯ ತೇವಕ್ಕೆ ಟೇಪಿನ ಕಾಂತೀಯ ಲೇಪನ ಸಡಿಲಗೊಳ್ಳುತ್ತದೆ. ಅವುಗಳನ್ನು ನುಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ 2016ರಲ್ಲಿ ಉತ್ಪಾದನೆ ನಿಲ್ಲಿಸಿತು.

ಹಾರ್ಲೆಮ್ ಸಂಕಲನದ ಚರ್ಚೆ ನಮಗೆ ಕಲಿಸುವುದು ಕೆಲಸದ ಕ್ರಮವನ್ನು. ಟೇಪನ್ನು ಡಿಜಿಟಲ್ ರೂಪಕ್ಕೆ ತರುವಾಗ ಚೆನ್ನಾದ ಹಾಡನ್ನಷ್ಟೇ ಆರಿಸಿ ಉಳಿದದ್ದನ್ನು ಕತ್ತರಿಸಬಾರದು. ಅಧ್ಯಕ್ಷರ ಸ್ವಾಗತ ಭಾಷಣ, ಮೈಕು ಕೈಕೊಟ್ಟ ಗಳಿಗೆ, ಮಕ್ಕಳು ಸಾಲು ಮರೆತು ನಿಂತದ್ದು, ಎಲ್ಲವೂ ಇರಲಿ. ದಿನಾಂಕ, ಸ್ಥಳ, ಕಲಾವಿದರ ಹೆಸರು, ತಬಲಾ ನುಡಿಸಿದವರ ಹೆಸರು, ಬಲ್ಲವರು ಇರುವಾಗಲೇ ಬರೆದಿಡಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆಡೆ ಇರಬೇಕು. ಸಂಕಲನ ಮಾಡುವುದು, ಅದರ ಬಗ್ಗೆ ಜಗಳವಾಡುವುದು ಆಮೇಲೆ ಆದೀತು.

ಉತ್ಸವ ನಡೆದ ಉದ್ಯಾನಕ್ಕೆ 1973ರಿಂದ ಮಾರ್ಕಸ್ ಗಾರ್ವೆ ಉದ್ಯಾನವೆಂದು ಹೆಸರು. ಹೋಬೋಕನ್‌ನಿಂದ ಪಾತ್ ರೈಲಿನಲ್ಲಿ ಹೋಗಿ 14ನೆಯ ಬೀದಿಯಲ್ಲಿ ಇಳಿದು, 2 ಅಥವಾ 3ನೆಯ ಸಬ್‌ವೇ ಹಿಡಿದು 125ನೆಯ ಬೀದಿಗೆ ಹೋದರೆ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ. ಧ್ವನಿಸುರುಳಿಯನ್ನು ಕೇಳಿದ ಮೇಲೊಮ್ಮೆ, ಯಾವುದಾದರೂ ಭಾನುವಾರದ ಇಳಿಹೊತ್ತಿಗೆ, ಅಲ್ಲಿಗೆ ಹೋಗಿಬರಬಹುದು.