ಸೊಬ್ರಿಕೆ
ಅಡ್ಡಹೆಸರು ಎಂಬ ಅರ್ಥದಲ್ಲಿ ಫ್ರೆಂಚರು ಬಳಸುವ ಪದ ಸೊಬ್ರಿಕೆ. 17ನೆಯ ಶತಮಾನದಲ್ಲಿ ಇದು ಇಂಗ್ಲಿಷಿಗೂ ಹೋಯಿತು. ಒಬ್ಬನಿಗೆ ಇತರರು ಇಟ್ಟು, ಯಾರೂ ವಿವರಿಸಬೇಕಾಗಿಲ್ಲದಷ್ಟು ರೂಢಿಯಾಗಿ, ಕೊನೆಗೆ ನಿಜನಾಮದ ಜಾಗದಲ್ಲೇ ನಿಲ್ಲಬಲ್ಲ ಹೆಸರು ಸೊಬ್ರಿಕೆ. ಕಾವ್ಯನಾಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ವೋಲ್ತೇರ್, ಕುವೆಂಪು ಎಂಬವು ಲೇಖಕರು ತಾವೇ ಆರಿಸಿಕೊಂಡ ಹೆಸರುಗಳು. ಫ್ರಾನ್ಸಿನ ಪ್ರಧಾನಿಯಾಗಿದ್ದ ಕ್ಲೆಮಾನ್ಸೋ ಅವರಿಗೆ 'ಹುಲಿ' ಎಂಬ ಹೆಸರು ಬಂದದ್ದು ಇತರರ ಬಾಯಿಂದ. ಹೀಗೆ ಹೆಸರಿಡುವ ಹಕ್ಕು ಇನ್ನೊಬ್ಬರದಾಗಿರುವುದು ಪದದ ಹುಟ್ಟಿನಲ್ಲೇ ಅಡಗಿದೆ ಎನ್ನಲು ಗಟ್ಟಿ ಆಧಾರವಿದೆ.

14ನೆಯ ಶತಮಾನದ ಫ್ರೆಂಚ್ ದಾಖಲೆಗಳಲ್ಲಿ ಈ ಪದ ಸಿಗುತ್ತದೆ, ಆದರೆ ಹೆಸರು ಎಂಬ ಅರ್ಥದಲ್ಲಲ್ಲ. ಅಲ್ಲಿ ಅದು ಒಂದು ಕೈಚೇಷ್ಟೆ: ಎದುರಿಗಿದ್ದವನ ಗದ್ದದ ಕೆಳಗೆ ಬೆರಳುಗಳಿಂದ ಮೆಲ್ಲಗೆ ತಟ್ಟುವುದು. ನೋವಾಗುವ ಪೆಟ್ಟಲ್ಲ, ಆದರೆ ತಟ್ಟಿಸಿಕೊಂಡವನ ಮುಖ ಮೇಲೆದ್ದು ಸುತ್ತಲಿನವರ ನಗೆಗೆ ಗುರಿಯಾಗುತ್ತದೆ. 15ನೆಯ ಶತಮಾನದ ಹೊತ್ತಿಗೆ ಅದೇ ಪದ ಕುಚೋದ್ಯದ ಹೆಸರಿಗೆ ಸಲ್ಲತೊಡಗಿತು. ಕೈ ಮಾಡುತ್ತಿದ್ದ ಕೆಲಸವನ್ನು ನಾಲಿಗೆ ವಹಿಸಿಕೊಂಡಿತು. ಅರ್ಥ ಇಷ್ಟು ದೂರ ಜಿಗಿಯಲು ಸಾಧ್ಯವೇ ಎಂದು ಅನುಮಾನಿಸುವವರು ಫ್ರೆಂಚಿನ ಇನ್ನೆರಡು ಪದಗಳನ್ನು ನೋಡಬೇಕು. 'ನಜಾರ್ದ್' ಮೊದಲು ಮೂಗಿನ ಮೇಲೆ ಬೆರಳಿನಿಂದ ಚಿಮ್ಮುವುದಾಗಿತ್ತು, ಆಮೇಲೆ ಅಣಕವಾಯಿತು. 'ಕಾಮುಫ್ಲೆ' ಮಲಗಿದವನ ಮುಖಕ್ಕೆ ಹೊಗೆ ಊದುವ ಚೇಷ್ಟೆಯಾಗಿತ್ತು. ಇಂದು ಅದಕ್ಕೆ ಅವಮಾನವೆಂದೇ ಅರ್ಥ. ಮುಖದ ಮೇಲಿನ ಚೇಷ್ಟೆ ಮಾತಿನ ಚುಚ್ಚಾಗುವುದು ಆ ಭಾಷೆಯಲ್ಲಿ ಹೊಸದೇನಲ್ಲ.

ಪದವನ್ನು ಬಿಡಿಸುವಲ್ಲಿ ಮಾತ್ರ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮೊದಲ ಭಾಗ 'ಕೆಳಗೆ' ಎಂಬರ್ಥದ 'ಸೂ' ಎನ್ನುವುದಕ್ಕೆ ಹಳೆಯ ಕಾಗುಣಿತವೇ ಸಾಕ್ಷಿ. ಉಳಿದ ಭಾಗವನ್ನು ಕೆಲವರು ಗಂಟಲಿನ ಮುಂಭಾಗಕ್ಕೆ ಜೋಡಿಸುತ್ತಾರೆ, ಕೆಲವರು ಗದ್ದದ ಕೆಳಗಿನ ತಟ್ಟು ಎಂಬರ್ಥದ ಇಟಾಲಿಯನ್ ಪದ 'ಸೊತ್ತೊಬೆಕ್ಕೊ'ವನ್ನು ತೋರಿಸುತ್ತಾರೆ. ಮೂರ್ಖ ಎಂಬರ್ಥದ 'ಸೊ' ಎಂಬ ಫ್ರೆಂಚ್ ಪದದಿಂದ ಇದು ಬಂತು ಎನ್ನುವ ವಾದ ಕಿವಿಗೆ ಹಿತವಾದರೂ ನಿಲ್ಲುವುದಿಲ್ಲ. ಗದ್ದ ತಟ್ಟುವ ಹಳೆಯ ಅರ್ಥಕ್ಕೆ ಅದರಲ್ಲಿ ಜಾಗವೇ ಇಲ್ಲ. ದಾಖಲೆಯಲ್ಲಿರುವ ಅರ್ಥವನ್ನು ಬದಿಗೊತ್ತಿ ಉಚ್ಚಾರದ ಹೋಲಿಕೆಯನ್ನೇ ನಂಬುವ ವ್ಯುತ್ಪತ್ತಿಯನ್ನು ಒಪ್ಪಲಾಗದು.

ಇದಕ್ಕಿಂತ ತೂಕದ ಆಕ್ಷೇಪವೊಂದಿದೆ. ಮೆಚ್ಚುಗೆಯ ಹೆಸರುಗಳನ್ನೂ ಸೊಬ್ರಿಕೆ ಎನ್ನುತ್ತಾರಲ್ಲ, ಅಲ್ಲಿ ಕುಚೋದ್ಯ ಎಲ್ಲಿದೆ? ಇಂಗ್ಲಿಷಿನ ಮಟ್ಟಿಗೆ ಈ ಆಕ್ಷೇಪ ಸರಿ. ಅಲ್ಲಿ ಅದು ಬರಹದ ಭಾಷೆಯ ಗಂಭೀರ ಪದ, ಟಿಪ್ಪು ಸುಲ್ತಾನನ 'ಮೈಸೂರು ಹುಲಿ' ಎಂಬ ಹೆಸರಿಗೂ ಸಲ್ಲುತ್ತದೆ. ಫ್ರೆಂಚಿನಲ್ಲಿ ಹಾಗಲ್ಲ, ಗೌರವದ ಹೆಸರಿಗೆ 'ಸ್ಯುರ್ನೋಂ' ಎಂಬ ಬೇರೆ ಪದವಿದ್ದು, ಸೊಬ್ರಿಕೆಯಲ್ಲಿ ಸಲಿಗೆಯೋ ಲೇವಡಿಯೋ ಇಂದಿಗೂ ಉಳಿದಿದೆ. ಅಲ್ಲದೆ ಹೊಗಳಿಕೆಯ ಹೆಸರೂ ಹೊತ್ತವನ ಕೈಯಲ್ಲಿರುವುದಿಲ್ಲ. 1744ರಲ್ಲಿ ಮೆಟ್ಜ್ ನಗರದಲ್ಲಿ ಕಾಯಿಲೆ ಬಿದ್ದು ಚೇತರಿಸಿಕೊಂಡ 15ನೆಯ ಲೂಯಿಯನ್ನು ಪ್ರಜೆಗಳು 'ಬಹುಪ್ರಿಯ' ಎಂದು ಕರೆದರು. 1774ರಲ್ಲಿ ಸಾಯುವ ಹೊತ್ತಿಗೆ ಅವನು ಅದೇ ಪ್ರಜೆಗಳ ತಿರಸ್ಕಾರಕ್ಕೆ ಪಾತ್ರನಾಗಿದ್ದ. ಹೆಸರು ಮಾತ್ರ ಚರಿತ್ರೆಯಲ್ಲಿ ಅಂಟಿಕೊಂಡೇ ಇದೆ.

ಇತರರು ಇಟ್ಟ ಹೆಸರಿಗೂ ತಾನೇ ಆರಿಸಿಕೊಂಡ ಹೆಸರಿಗೂ ನಡುವಿನ ಗೆರೆಯನ್ನು ಫ್ರೆಂಚ್ ಸೈನಿಕರ 'ಯುದ್ಧನಾಮ' ಸ್ವಲ್ಪ ಮಸುಕಾಗಿಸುತ್ತದೆ. ಅದನ್ನು ಕೆಲವೊಮ್ಮೆ ದಂಡಿನವರು ಇಡುತ್ತಿದ್ದರು, ಕೆಲವೊಮ್ಮೆ ಸೈನಿಕನೇ ಆರಿಸಿಕೊಳ್ಳುತ್ತಿದ್ದ. ಆದರೂ ಹೂವು ಎಂಬರ್ಥದ 'ಲಫ್ಲರ್', ಚಿಂತೆಯಿಲ್ಲದವ ಎಂಬರ್ಥದ 'ಸಾಂಸೂಸಿ' ಮುಂತಾದ ಹೆಸರುಗಳ ಧಾಟಿ ಸೊಬ್ರಿಕೆಯದೇ. 1665ರಲ್ಲಿ ಕರಿನ್ಯಾನ್-ಸಾಲಿಯೇರ್ ದಂಡು ಕೆನಡಾಕ್ಕೆ ಬಂದಾಗ ಇಂಥ ಹೆಸರುಗಳೂ ಅದರೊಂದಿಗೆ ಬಂದವು. ಅಲ್ಲೇ ನೆಲೆಸಿದ ಸೈನಿಕರ ಮಕ್ಕಳು ಅವನ್ನು ಮನೆತನದ ಹೆಸರಾಗಿ ಉಳಿಸಿಕೊಂಡರು. ಕ್ವಿಬೆಕ್ ಪ್ರಾಂತದಲ್ಲಿ ಲಫ್ಲರ್ ಎಂಬುದು ಇಂದಿಗೂ ಪರಿಚಿತ ಕುಲನಾಮ.